ಎದೆ ಉಬ್ಬದವರಿಗೂ ದೇಶವಿದೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ರಾಷ್ಟ್ರಗೀತೆ ಮೊಳಗಿದಾಗ ಎಲ್ಲರಂತೆ ನೀವೂ ಎದ್ದು ನಿಲ್ಲುತ್ತೀರಿ, ಹಾಡುತ್ತೀರಿ. ಪಕ್ಕದವರ ಕಣ್ಣು ತುಂಬಿ ಬರುತ್ತದೆ, ನಿಮಗೆ ಮಾತ್ರ ಏನೂ ಆಗುವುದಿಲ್ಲ. ಮೇಲಿನ ಓದಿಗೆಂದು ಹೊರದೇಶಕ್ಕೆ ಹೊರಟಿದ್ದೀರಿ. ಅದನ್ನು ಕೇಳಿ ನಿಮ್ಮ ಸೋದರಮಾವ "ಹುಟ್ಟಿದ ನೆಲದ ಮೇಲೆ ಪ್ರೀತಿಯೇ ಇಲ್ಲದವಳು" ಎಂದುಬಿಟ್ಟರು. ಆ ಮಾತು ನಿಮ್ಮನ್ನು ಚುಚ್ಚಿದೆ. "ಅಮ್ಮನ ಮೇಲೆ ಪ್ರೀತಿ ಇದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೋಟ್ಯಂತರ ಅಪರಿಚಿತರು ಇರುವ ಒಂದು ದೇಶವನ್ನು ಯಾರಾದರೂ ನಿಜವಾಗಿ ಪ್ರೀತಿಸುತ್ತಾರಾ, ಅಥವಾ ಹಾಗೆ ಹೇಳುವುದು ರೂಢಿಯಾ? ಪ್ರೀತಿಸುವುದೇ ಆದರೆ ಯಾಕೆ? ನನ್ನಲ್ಲೇ ಏನಾದರೂ ಕೊರತೆ ಇದೆಯಾ?" ಎಂದು ಕೇಳಿದ್ದೀರಿ.

ನಿಜವಾಗಿ ಪ್ರೀತಿಸುತ್ತಾರೆ. ಪಕ್ಕದವರ ಕಣ್ಣೀರನ್ನು ಅನುಮಾನಿಸಬೇಡಿ. ವಿಶ್ವ ಮೌಲ್ಯ ಸಮೀಕ್ಷೆ ಎಂಬ ದೊಡ್ಡ ಅಧ್ಯಯನವೊಂದು 1981ರಿಂದ ಹತ್ತಾರು ದೇಶಗಳಲ್ಲಿ ನಡೆದುಕೊಂಡು ಬಂದಿದೆ. ತಮ್ಮ ದೇಶದವರೆಂಬ ಹೆಮ್ಮೆ ಎಷ್ಟಿದೆ ಎಂದು ಅದರಲ್ಲಿ ಕೇಳಿದರೆ, ಬಡ ದೇಶ ಸಿರಿವಂತ ದೇಶ ಎನ್ನದೆ ಹೆಚ್ಚಿನ ಕಡೆ ಬಹುಪಾಲು ಜನ ಇದೆ ಎಂದೇ ಹೇಳುತ್ತಾರೆ. ಯುದ್ಧ ಬಂದರೆ ದೇಶಕ್ಕಾಗಿ ಹೋರಾಡುತ್ತೀರಾ ಎಂಬುದು ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ. ಇದಕ್ಕೆ ಹೌದು ಎನ್ನುವವರ ಪಟ್ಟಿಯಲ್ಲಿ ಜಪಾನ್ ಮತ್ತೆ ಮತ್ತೆ ಕೊನೆಯ ಸಾಲಿಗೆ ಬೀಳುತ್ತದೆ. ಜಪಾನಿಗರಿಗೆ ನಾಡಿನ ಮೇಲೆ ಪ್ರೀತಿ ಕಡಿಮೆ ಎಂದು ಇದಕ್ಕೆ ಅರ್ಥ ಹಚ್ಚುವವರನ್ನು ನಾನು ಒಪ್ಪುವುದಿಲ್ಲ. ದೇಶದ ಹೆಸರಿನಲ್ಲಿ ಒಂದು ಪೀಳಿಗೆಯ ಹುಡುಗರನ್ನು ಸಾಯಲು ಕಳಿಸಿ, 1945ರಲ್ಲಿ ನಗರ ನಗರಗಳೇ ಬೂದಿಯಾದದ್ದನ್ನು ಕಂಡ ಸಮಾಜ ಆ ಪ್ರಶ್ನೆಗೆ ಹಿಂಜರಿಯುವುದು ಸಹಜ. ಪ್ರೀತಿಯನ್ನು ಯುದ್ಧದ ಅಳತೆಗೋಲಿನಿಂದ ಅಳೆದರೆ ಸಿಗುವ ಉತ್ತರ ಯುದ್ಧದ್ದೇ ಆಗಿರುತ್ತದೆ. ನಿಮ್ಮನ್ನು ಅಳೆದ ಗೋಲು ರಾಷ್ಟ್ರಗೀತೆ. ಅದೂ ಅಷ್ಟೇ ಕಿರಿದಾದದ್ದು.

ಯಾಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೇರೆ ಬೇರೆ ಕಡೆಯಿಂದ ಹುಟ್ಟಿದ ಹಲವು ಭಾವಗಳು ಒಂದು ಹೆಸರಿನಡಿ ಬಂದು ಸೇರಿಕೊಂಡಿವೆ. ಅವುಗಳಲ್ಲಿ ಅತಿ ಹಳೆಯದು ನೆಲದ ಒಲವು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಅಣುಸ್ಥಾವರ ಸ್ಫೋಟಿಸಿತಲ್ಲ, ಆ ವರ್ಷ ಸುತ್ತಮುತ್ತಲಿಂದ ಲಕ್ಷಕ್ಕೂ ಮಿಕ್ಕಿ ಜನರನ್ನು ಎಬ್ಬಿಸಿ ಬೇರೆ ಕಡೆಗೆ ಸಾಗಿಸಿದರು. ಆಮೇಲಿನ ದಿನಗಳಲ್ಲಿ ನೂರಾರು ಮಂದಿ ನಿಷೇಧ ಮೀರಿ, ಕಾವಲು ತಪ್ಪಿಸಿ, ತಮ್ಮ ಹಳ್ಳಿಗಳಿಗೆ ವಾಪಸು ಬಂದರು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಎಳೆತನದಲ್ಲಿ 1932–33ರ ಮಹಾಕ್ಷಾಮವನ್ನು, ಆಮೇಲೆ ಜರ್ಮನ್ ಸೇನೆಯ ಆಕ್ರಮಣವನ್ನು ಉಂಡವರೂ ಅವರಲ್ಲಿದ್ದರು. ವಿಕಿರಣದ ವಿಷಯ ಅವರಿಗೆ ತಿಳಿದಿತ್ತು. ಆದರೂ ತಮ್ಮ ಬಾವಿ, ತಮ್ಮ ತೋಟ, ತಮ್ಮವರ ಸಮಾಧಿಗಳನ್ನು ಬಿಟ್ಟು ಅಪರಿಚಿತ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಬದುಕಲು ಅವರಿಂದ ಆಗಲಿಲ್ಲ. ಅಧಿಕಾರಿಗಳು ಕೊನೆಗೆ ಸುಮ್ಮನಾದರು. ಇನ್ನೂ ಒಂದು ವಿಷಯ: ಆ ಹೆಂಗಸರು ಮರಳಿ ಬಂದಾಗ ಅದು ಸೋವಿಯತ್ ಒಕ್ಕೂಟ. 1991ರಲ್ಲಿ ಅದೇ ಮನೆ, ಅದೇ ಅಂಗಳ ಉಕ್ರೇನ್ ಎಂಬ ಸ್ವತಂತ್ರ ದೇಶಕ್ಕೆ ಸೇರಿತು. ಕಾಲಡಿಯ ಮಣ್ಣು ಕದಲದೆ ದೇಶವೇ ಬದಲಾಯಿತು. ಹಾಗಿದ್ದರೆ ಅವರು ಪ್ರಾಣವನ್ನೇ ಪಣಕ್ಕಿಟ್ಟು ಪ್ರೀತಿಸಿದ್ದು ಯಾವ ದೇಶವನ್ನು? ನನಗನ್ನಿಸುವಂತೆ ಯಾವುದನ್ನೂ ಅಲ್ಲ. ಅವರು ಪ್ರೀತಿಸಿದ್ದು ಕಣ್ಣಳತೆಯ ಒಂದಿಷ್ಟು ನೆಲವನ್ನು.

ಕಣ್ಣಳತೆಯ ನೆಲದ ಮೇಲಿನ ಈ ಒಲವು, ಯಾರೂ ಪೂರ್ತಿ ಕಂಡಿರದ ದೊಡ್ಡದೊಂದು ದೇಶದ ಮೇಲಿನ ಪ್ರೀತಿಯಾಗುವುದು ಹೇಗೆ? ಅದನ್ನು ಕಟ್ಟಬೇಕಾಗುತ್ತದೆ. ಇಟಲಿ 1861ರಲ್ಲಿ ಒಂದು ರಾಷ್ಟ್ರವಾದಾಗ ಇಟಾಲಿಯನ್ ಭಾಷೆ ಆಡಬಲ್ಲವರು ನೂರಕ್ಕೆ ಹತ್ತು ಮಂದಿಯನ್ನೂ ಮೀರಿರಲಿಲ್ಲ ಎಂಬುದು ಭಾಷಾಶಾಸ್ತ್ರಜ್ಞರ ಅಂದಾಜು. ಉಳಿದವರಿಗೆ ತಮ್ಮ ಊರು, ತಮ್ಮ ಸೀಮೆ, ತಮ್ಮ ಆಡುನುಡಿ ಗೊತ್ತಿತ್ತೇ ವಿನಾ ಇಟಲಿ ಎಂಬುದು ದೂರದ ಮಾತಾಗಿತ್ತು. ಶಾಲೆ, ಪಠ್ಯಪುಸ್ತಕ, ಕಡ್ಡಾಯ ಸೇನಾ ಸೇವೆ, ರೈಲು, ಪತ್ರಿಕೆ, ಕಡೆಗೆ ದೂರದರ್ಶನ, ಇವೆಲ್ಲ ಸೇರಿ ತಲೆಮಾರುಗಳ ಕಾಲ ದುಡಿದ ಮೇಲೆ ಇಟಾಲಿಯನ್ನರು ತಯಾರಾದರು. ಕಲಿಸಿದ ಪ್ರೀತಿ ಎಂದಮೇಲೆ ಅದು ಸುಳ್ಳು ಎಂದು ವಾದಿಸುವ ಬುದ್ಧಿವಂತರಿದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ. ತಾಯ್ನುಡಿಯನ್ನೂ ಯಾರೋ ಕಲಿಸಿದ್ದೇ, ಆದರೂ ಮನುಷ್ಯ ಕನಸು ಕಾಣುವುದು ಅದರಲ್ಲಿ. ಹಾಗೆ ಕಟ್ಟಿದ ಭಾವ ನಕ್ಷೆಯಿಂದ ದೇಶವೇ ಅಳಿಸಿಹೋದರೂ ಉಳಿಯುತ್ತದೆ. ಪೋಲೆಂಡನ್ನು ನೆರೆಯ ಮೂರು ಸಾಮ್ರಾಜ್ಯಗಳು ಹಂಚಿಕೊಂಡು 1795ರಿಂದ 1918ರವರೆಗೆ, 123 ವರ್ಷ, ಆ ಹೆಸರಿನ ಸ್ವತಂತ್ರ ದೇಶವೇ ಇಲ್ಲದಂತೆ ಮಾಡಿದವು. ಪೋಲಿಷ್ ಜನ ಮಾತ್ರ ಪೋಲಿಷ್ ಜನರಾಗಿಯೇ ಉಳಿದರು. 1989ರ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಸುಮಾರು 20 ಲಕ್ಷ ಮಂದಿ ಕೈ ಕೈ ಹಿಡಿದು 600 ಕಿಲೋಮೀಟರ್ ಉದ್ದಕ್ಕೆ ನಿಂತಾಗ ಆ ಮೂರೂ ಸೋವಿಯತ್ ಆಳ್ವಿಕೆಯಲ್ಲಿದ್ದವು.

ಈ ಪ್ರೀತಿಯ ಪಕ್ಕದಲ್ಲೇ ಅದರಂತೆಯೇ ಕಾಣುವ ಬೇರೊಂದು ಭಾವ ಇರುತ್ತದೆ. ಅದನ್ನು ಬಿಡಿಸಿ ತೋರಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಮುಖ್ಯ. ಪೋಲೆಂಡಿನ ಯಹೂದಿ, ಫ್ರೆಂಚ್ ಸೇನೆಗೆ ಸೇರಿ ಜರ್ಮನರ ಕೈಗೆ ಸೆರೆ ಸಿಕ್ಕವರು. ಯುದ್ಧ ಮುಗಿದು ಹೊರಬಂದಾಗ ಅವರ ಕುಟುಂಬದಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15ರ ವಯಸ್ಸಿನ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಮೆಚ್ಚುಗೆಯ ಮೇಲೆ ಎರಡು ಗುಂಪು ಎಂದು ಹೇಳಿದರು. ಗುಂಪಿನಲ್ಲಿ ತನ್ನ ಜೊತೆ ಯಾರಿದ್ದಾರೆ ಎಂದು ಯಾವ ಹುಡುಗನಿಗೂ ತಿಳಿಸಲಿಲ್ಲ. ಆಮೇಲೆ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಅಷ್ಟೇ ಆಗಿದ್ದರೆ ಅಚ್ಚರಿ ಇರಲಿಲ್ಲ. ತಮ್ಮವರಿಗೆ ಸಿಗುವ ಮೊತ್ತ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಮೇಲಿರಬೇಕು ಎಂಬಂತೆ ಹಲವರು ಹಂಚಿದರು. ಇದಕ್ಕೆ ಪ್ರೀತಿ ಬೇಕಾಗಿರಲಿಲ್ಲ, ಪರಿಚಯವೂ ಬೇಕಾಗಿರಲಿಲ್ಲ. ಒಂದು ಗೆರೆ ಎಳೆದದ್ದೇ ಸಾಕಾಯಿತು. ದೇಶಪ್ರೇಮದ ಹೆಸರಿನಲ್ಲಿ ನಾವು ಕೇಳುವ ಅಬ್ಬರದ ಎಷ್ಟೋ ಪಾಲು ಈ ಗೆರೆಯ ಆಟ ಎಂದು ನಾನು ತಿಳಿದಿದ್ದೇನೆ. ಭಯವೂ ಅದೇ ಕೆಲಸ ಮಾಡುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಎರಡು ವಾರದೊಳಗೆ ಅಮೆರಿಕದ ಅಧ್ಯಕ್ಷ ಬುಷ್ ಅವರನ್ನು ಮೆಚ್ಚುವವರ ಪ್ರಮಾಣ ಗ್ಯಾಲಪ್ ಸಮೀಕ್ಷೆಯಲ್ಲಿ ಶೇಕಡಾ 51ರಿಂದ 90ಕ್ಕೆ ಏರಿತು. ಹದಿನೈದು ದಿನದಲ್ಲಿ ಯಾರ ಗುಣವೂ ಅಷ್ಟು ಬದಲಾಗದು. ಬೆದರಿದ ಜನ ಒಟ್ಟಿಗೆ ನಿಂತರು, ಅಷ್ಟೇ. ಒಟ್ಟಿಗೆ ನಿಲ್ಲುವುದು ತಪ್ಪಲ್ಲ. ಅದನ್ನು ಪ್ರೀತಿ ಎಂದು ಕರೆದು, ಆ ಹೊತ್ತಿನಲ್ಲಿ ಮೈ ಜುಮ್ಮೆನ್ನದವರನ್ನು ದ್ರೋಹಿಗಳ ಸಾಲಿಗೆ ಸೇರಿಸುವುದು ತಪ್ಪು.

ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ನಾನು ನಂಬಿರುವ ಗುರುತು ಒಂದಿದೆ. ಅದು ನಾಚಿಕೆ. ಬೇರೆ ದೇಶದ ಸರ್ಕಾರ ಅನ್ಯಾಯ ಮಾಡಿದರೆ ನಮಗೆ ಸಿಟ್ಟು ಬರುತ್ತದೆ, ಮರುಕ ಬರುತ್ತದೆ. ತಲೆ ತಗ್ಗುವುದು ಮಾತ್ರ ನಮ್ಮದು ಎಂದುಕೊಂಡದ್ದು ಕೆಟ್ಟದ್ದನ್ನು ಮಾಡಿದಾಗ. ಜರ್ಮನಿಯ ವಿಲ್ಲಿ ಬ್ರಾಂಟ್ ಅವರ ಬದುಕನ್ನು ನೋಡಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ, ನಾರ್ವೆಗೆ ಓಡಿಹೋದರು. 1938ರಲ್ಲಿ ನಾಜಿ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಯುದ್ಧದ ನಂತರ ಮರಳಿ ಬಂದು ಮತ್ತೆ ಜರ್ಮನ್ ಪ್ರಜೆಯಾದರು, 1969ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸೆಲರ್ ಆದರು. 1970ರ ಡಿಸೆಂಬರ್ 7ರಂದು ವಾರ್ಸಾ ನಗರದಲ್ಲಿ, ನಾಜಿಗಳ ವಿರುದ್ಧ ದಂಗೆಯೆದ್ದು ಮಡಿದ ಯಹೂದಿಗಳ ಸ್ಮಾರಕದ ಮುಂದೆ ಹೂಮಾಲೆ ಇಟ್ಟವರು, ಇದ್ದಕ್ಕಿದ್ದಂತೆ ನೆಲಕ್ಕೆ ಮಂಡಿಯೂರಿದರು. ಆ ಕೊಲೆಗಳಲ್ಲಿ ಅವರ ಪಾಲು ಎಳ್ಳಷ್ಟೂ ಇರಲಿಲ್ಲ. ಕೊಂದವರಿಂದ ತಪ್ಪಿಸಿಕೊಂಡು ಬದುಕಿದವರು ಅವರು. ಆದರೂ ಮಂಡಿಯೂರಿದರು, ಏಕೆಂದರೆ ಕೊಂದದ್ದು ತನ್ನ ದೇಶ. ತನ್ನನ್ನು ಹೊರಗೆ ಹಾಕಿದ ದೇಶದ ಪಾಪವನ್ನೂ ತನ್ನದೆಂದು ಹೊರುವುದಕ್ಕಿಂತ ಆಳವಾದ ದೇಶಪ್ರೇಮ ನನಗೆ ಗೊತ್ತಿಲ್ಲ. ಆಗ ನಡೆದ ಒಂದು ಸಮೀಕ್ಷೆಯಲ್ಲಿ ಶೇಕಡಾ 48 ಜರ್ಮನರು ಇದು ಅತಿಯಾಯಿತು ಎಂದರು, ಸರಿ ಎಂದವರು ಶೇಕಡಾ 41. ವಿದೇಶಕ್ಕೆ ಓಡಿಹೋಗಿದ್ದವನು ಎಂಬ ಮೂದಲಿಕೆಯನ್ನಂತೂ ಅವರು ಹಿಂದಿನಿಂದಲೂ ಕೇಳುತ್ತಲೇ ಇದ್ದರು.

ಆ ಹೊತ್ತಿಗೆ ಪಶ್ಚಿಮ ಜರ್ಮನಿಯ ಅಧ್ಯಕ್ಷರಾಗಿದ್ದವರು ಗುಸ್ತಾವ್ ಹೈನೆಮನ್. ಈ ದೇಶವನ್ನು ಪ್ರೀತಿಸುತ್ತೀರಾ ಎಂದು ಕೇಳಿದ್ದಕ್ಕೆ, ನಾನು ದೇಶಗಳನ್ನೆಲ್ಲ ಪ್ರೀತಿಸುವುದಿಲ್ಲ, ನನ್ನ ಹೆಂಡತಿಯನ್ನು ಪ್ರೀತಿಸುತ್ತೇನೆ ಎಂದವರು. ನಿಮ್ಮ ಪತ್ರ ಓದುವಾಗ ನನಗೆ ಮೊದಲು ನೆನಪಾದವರು ಇವರೇ. ನಾಜಿ ಕಾಲದಲ್ಲಿ ಸರ್ಕಾರಕ್ಕೆ ಬಾಗದ ಚರ್ಚ್ ಬಳಗದಲ್ಲಿ ನಿಂತವರು, 1950ರಲ್ಲಿ ದೇಶಕ್ಕೆ ಮತ್ತೆ ಸೇನೆ ಕಟ್ಟುವುದನ್ನು ವಿರೋಧಿಸಿ ಗೃಹಮಂತ್ರಿಯ ಕುರ್ಚಿ ಬಿಟ್ಟವರು. ಪ್ರೀತಿ ಇಲ್ಲ ಎಂದ ಮನುಷ್ಯನ ಇಡೀ ಬದುಕು ಆ ದೇಶ ಮತ್ತೆ ಕೆಡದಂತೆ ಕಾಯುವುದರಲ್ಲಿ ಕಳೆಯಿತು. ಅವರ ಎದೆಯಲ್ಲಿ ಇದ್ದದ್ದಕ್ಕೆ ಯಾವ ಹೆಸರಾದರೂ ಇರಲಿ, ನನಗೆ ಅದು ಸಾಕು.

ಪ್ರೀತಿಯ ಲೆಕ್ಕವನ್ನು ಪ್ರಜೆಗಳಿಂದ ಮಾತ್ರ ಕೇಳುವುದೂ ಸರಿಯಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದ ಪ್ರಜೆಗಳೇ. 1943ರಲ್ಲಿ ಅದೇ ಶಿಬಿರಗಳಲ್ಲಿ ನಿಷ್ಠೆಯ ಪ್ರಶ್ನಾವಳಿ ಹಂಚಿದರು. ಹೌದು ಎಂದ ಎಷ್ಟೋ ಹುಡುಗರು 442ನೇ ರೆಜಿಮೆಂಟ್ ಸೇರಿ ಯುರೋಪಿನಲ್ಲಿ ಹೋರಾಡಿದರು. ತನ್ನ ಗಾತ್ರಕ್ಕೆ ಅತಿ ಹೆಚ್ಚು ಪದಕ ಪಡೆದ ಪಡೆ ಅದು. ತಂದೆತಾಯಿಯನ್ನು ಬಂಧಿಸಿಟ್ಟು ನಿಷ್ಠೆ ಕೇಳುತ್ತೀರಾ ಎಂದು ಕೆಲವರು ಇಲ್ಲ ಎಂದು ಬರೆದರು, ಅವರನ್ನು ಇನ್ನೂ ಬಿಗಿಯಾದ ಶಿಬಿರಕ್ಕೆ ಅಟ್ಟಿದರು. ಈ ಎರಡು ಗುಂಪಿನಲ್ಲಿ ದೇಶವನ್ನು ಪ್ರೀತಿಸಿದವರು ಯಾರು ಎಂದು ನನ್ನನ್ನು ಕೇಳಿದರೆ ಒಂದು ಗುಂಪನ್ನು ಬೆರಳಿಟ್ಟು ತೋರಿಸಲಾರೆ. ಇಲ್ಲ ಎಂದವರಲ್ಲಿಯೂ ಎಷ್ಟೋ ಮಂದಿಗೆ ನೋವಾದದ್ದು ಅದು ತಮ್ಮದೇ ದೇಶ ಎಂಬ ಕಾರಣಕ್ಕೆ. ಆ ದೇಶ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕುಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ತಡವಾಗಿ ಬಂದ ಆ ಕ್ಷಮೆಯೂ ನಾಚಿಕೆಯಿಂದಲೇ ಹುಟ್ಟಿದ್ದು.

ದೇಶ ಎಂಬುದೇ ಒಂದು ಭ್ರಮೆ, ಅದಿಲ್ಲದೆಯೂ ಬದುಕಬಹುದು ಎಂದು ನಿಮ್ಮ ಗೆಳೆಯರು ಹೇಳುತ್ತಾರೆಂದು ಬರೆದಿದ್ದೀರಿ. ಅದನ್ನು ಮಾತ್ರ ನಂಬಬೇಡಿ. ಚಿಂತಕಿ ಹನ್ನಾ ಅರೆಂಟ್ ತಾನು ಯಾವ ಜನಾಂಗವನ್ನೂ ಸಮುದಾಯವನ್ನೂ ಪ್ರೀತಿಸಿದ್ದಿಲ್ಲ, ಗೆಳೆಯರನ್ನಷ್ಟೇ ಪ್ರೀತಿಸುತ್ತೇನೆ ಎಂದು 1963ರಲ್ಲಿ ಒಂದು ಪತ್ರದಲ್ಲಿ ಬರೆದರು. ಅದೇ ಅರೆಂಟ್ ಜರ್ಮನಿಯಿಂದ ತಪ್ಪಿಸಿಕೊಂಡ ಮೇಲೆ ಪೌರತ್ವ ಕಳೆದುಕೊಂಡು, 1951ರಲ್ಲಿ ಅಮೆರಿಕದ ಪ್ರಜೆಯಾಗುವವರೆಗೆ ಯಾವ ದೇಶಕ್ಕೂ ಸೇರದವರಾಗಿ ಬದುಕಿದವರು. ದೇಶವಿಲ್ಲದವನಿಗೆ ಹಕ್ಕುಗಳನ್ನು ಕೇಳುವ ಹಕ್ಕೇ ಇರುವುದಿಲ್ಲ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ.

ಇನ್ನು ನಿಮ್ಮ ಮಾವನ ಮಾತು. ಹೋಗುವುದಕ್ಕೂ ಪ್ರೀತಿ ಇಲ್ಲದಿರುವುದಕ್ಕೂ ಸಂಬಂಧ ಕಲ್ಪಿಸುವುದು ಅನ್ಯಾಯ. ಪೆಸಿಫಿಕ್ ಸಾಗರದ ತುವಾಲು ಎಂಬ ಪುಟ್ಟ ದೇಶದಲ್ಲಿರುವುದು ಹತ್ತು ಹನ್ನೊಂದು ಸಾವಿರ ಜನ. ಏರುತ್ತಿರುವ ಸಮುದ್ರ ಅದನ್ನು ನುಂಗುವ ಭಯವಿದೆ. 2023ರಲ್ಲಿ ಆಸ್ಟ್ರೇಲಿಯಾ ಮಾಡಿಕೊಂಡ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ ದೇಶದ ಅರ್ಧಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು. ಒಪ್ಪಂದ ಆದ ವರ್ಷವೇ ಅವರು ಸಂವಿಧಾನ ತಿದ್ದಿ, ನೆಲ ಮುಳುಗಿದರೂ ತುವಾಲು ಎಂಬ ರಾಷ್ಟ್ರ ಇರುತ್ತದೆ ಎಂದು ಬರೆದುಕೊಂಡಿದ್ದಾರೆ. ಹೊರಡಲು ಅರ್ಜಿ ಹಾಕಿದವರೂ ಆ ಸಂವಿಧಾನದ ಪ್ರಜೆಗಳೇ.

ಆದ್ದರಿಂದ ಹೋಗಿ, ಚೆನ್ನಾಗಿ ಓದಿ. ಅಲ್ಲಿಂದ ನನಗೊಂದು ಪತ್ರ ಬರೆಯಿರಿ. ನಿಮ್ಮ ದೇಶದ ಬಗ್ಗೆ ಯಾರಾದರೂ ಸುಳ್ಳು ಆಡಿದಾಗ ಏನನ್ನಿಸಿತು ಎಂಬುದನ್ನಲ್ಲ, ಅದು ಯಾರಿಗೂ ಸಿಟ್ಟು ತರಿಸುತ್ತದೆ. ಯಾರಾದರೂ ನ್ಯಾಯವಾದ ಟೀಕೆಯನ್ನೇ ಮಾಡಿದಾಗ, ಅದು ಸರಿ ಎಂದು ನಿಮಗೂ ಗೊತ್ತಿದ್ದಾಗ, ನಿಮ್ಮೊಳಗೆ ಏನಾಯಿತು ಎಂದು ತಿಳಿಯುವ ಆಸೆ ನನಗಿದೆ.

— ಸಂಪಾದಕ