ಪಕ್ಕದ ಮನೆ ಅಂಕಲ್ ಮಾತು ಮಾತಿಗೂ ಲೀ ಕ್ವಾನ್ ಯೂ ಅಂತಾರೆ, ಯಾಕೆ?

ಸಿಂಗಪುರಕ್ಕೆ ಬಂದು ಮೂರು ತಿಂಗಳಾಯಿತು, ಕೆಲಸ, ಮನೆ ಎಲ್ಲಾ ಸರಿಹೋಯಿತು ಅಂತ ಬರೆದಿದ್ದೀರಿ. ಆದರೆ ಪಕ್ಕದ ಮನೆಯ ಚೀನೀ ಅಂಕಲ್ ಮಾತು ಮಾತಿಗೂ ಲೀ ಕ್ವಾನ್ ಯೂ ಹೆಸರು ತೆಗೆಯುತ್ತಾರೆ, ಇಲ್ಲಿ ಬದುಕೋಕೆ ಅದನ್ನೂ ತಿಳ್ಕೋಬೇಕಾ ಅಂತ ಕೇಳಿದ್ದೀರಿ. ತಿಳ್ಕೊಳ್ಳಿ. ಲೀ ಈ ದೇಶದ ಮೊದಲ ಪ್ರಧಾನಿ. ನಾನು ಬಂದು ಇಪ್ಪತ್ತು ವರ್ಷ ದಾಟಿತು. ಅವರ ಬದುಕು ಗೊತ್ತಾದ ಮೇಲೇ ಈ ಊರಿನ ನಿಯಮಗಳ ಹಿಂದಿನ ಭಯ ನನಗೆ ಅರ್ಥವಾಗಿದ್ದು.

ಲೀ ಹುಟ್ಟಿದ್ದು ಇಲ್ಲೇ, 1923ರ ಸೆಪ್ಟೆಂಬರ್ 16ರಂದು. ಮುತ್ತಾತ ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ತಾತನಿಗೆ ಬ್ರಿಟಿಷರೆಂದರೆ ಬಲು ಮೆಚ್ಚುಗೆ, ಮೊಮ್ಮಗನಿಗೆ ಹ್ಯಾರಿ ಅಂತಲೂ ಹೆಸರಿಟ್ಟರು. ಹುಡುಗ ಓದಿನಲ್ಲಿ ಚುರುಕು, ರಾಫಲ್ಸ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕಲಿತ. ಬ್ರಿಟಿಷರನ್ನು ಯಾರೂ ಅಲ್ಲಾಡಿಸಲಾರರು ಅಂತ ಊರೆಲ್ಲ ನಂಬಿದ್ದ ಕಾಲ ಅದು.

1942ರ ಫೆಬ್ರವರಿಯಲ್ಲಿ ಆ ನಂಬಿಕೆ ಮುರಿದುಬಿತ್ತು. ಜಪಾನಿ ಸೈನ್ಯ ಊರು ಹಿಡಿಯಿತು. ಚೀನೀ ಗಂಡಸರನ್ನು ಸಾಲು ನಿಲ್ಲಿಸಿ, ಕೆಲವರನ್ನು ಬೇರೆ ಮಾಡಿ ಲಾರಿಗೆ ಹತ್ತಿಸುತ್ತಿದ್ದರು. ಹದಿನೆಂಟರ ಲೀಗೂ ಒಬ್ಬ ಸೈನಿಕ ಆ ಗುಂಪಿಗೆ ಹೋಗು ಎಂದ. ಏನೋ ಸರಿಯಿಲ್ಲ ಅನ್ನಿಸಿತು. ಬಟ್ಟೆಬರೆ ತಂದುಬಿಡ್ತೀನಿ ಅಂತ ಕೇಳಿ, ಒಪ್ಪಿಗೆ ಪಡೆದು, ಒಳಗೆ ಹೋಗಿ ಉಳಿದುಬಿಟ್ಟರು. ಆಮೇಲೆ ಇನ್ನೊಂದು ಸಲ ಹೋದಾಗ ಸೈನಿಕರು ಬಿಟ್ಟು ಕಳಿಸಿದರು. ಲಾರಿ ಹತ್ತಿದವರಲ್ಲಿ ಸಾವಿರಾರು ಜನರನ್ನು ಸಮುದ್ರದ ದಂಡೆಯಲ್ಲಿ ಗುಂಡಿಟ್ಟು ಕೊಂದರು. ನಮ್ಮನ್ನು ಕಾಯೋಕೆ ಹೊರಗಿನವರು ಬರುವುದಿಲ್ಲ ಅನ್ನುವ ಪಾಠ ಅವರ ತಲೆಯಿಂದ ಕೊನೆಯವರೆಗೂ ಹೋಗಲಿಲ್ಲ. ಇಲ್ಲಿನ ಹುಡುಗರೆಲ್ಲ ಎರಡು ವರ್ಷ ಸೈನ್ಯದಲ್ಲಿ ಇರಬೇಕಲ್ವಾ, ಆ ನಿಯಮದ ಹಿಂದೆಯೂ ಇದೇ ಭಯ ಇದೆ.

ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ನಲ್ಲಿ ಕಾನೂನು ಓದಿದರು. ಅಲ್ಲೇ ಓದುತ್ತಿದ್ದ ಕ್ವಾ ಗೋಕ್ ಚೂ ಅವರನ್ನು ಯಾರಿಗೂ ಹೇಳದೆ ಮದುವೆಯಾದರು. ವಾಪಸ್ ಬಂದು ವಕೀಲರಾಗಿ ಕಾರ್ಮಿಕ ಸಂಘಗಳ ಪರ ನಿಂತರು. 1954ರಲ್ಲಿ ಪೀಪಲ್ಸ್ ಆಕ್ಷನ್ ಪಾರ್ಟಿ ಕಟ್ಟಿದರು, 1959ರಲ್ಲಿ ಪ್ರಧಾನಿಯಾದರು. ಆಗ ವಯಸ್ಸು 35.

1963ರಲ್ಲಿ ಸಿಂಗಪುರ ಮಲೇಷ್ಯಾ ಜೊತೆ ಸೇರಿತು. ಮರುವರ್ಷವೇ ಚೀನೀ ಮತ್ತು ಮಲಯ್ ಜನರ ನಡುವೆ ಗಲಭೆ, ಎರಡು ಸಲ. 36 ಜನ ಸತ್ತರು. 1965ರ ಆಗಸ್ಟ್ 9ರಂದು ಸಿಂಗಪುರ ಮಲೇಷ್ಯಾದಿಂದ ಹೊರಬಿತ್ತು. ಎರಡೂ ಒಂದಾಗಬೇಕು ಅಂತ ಜೀವನವಿಡೀ ನಂಬಿದ್ದವರು ಲೀ. ಅವತ್ತು ಟಿವಿ ಕ್ಯಾಮೆರಾ ಮುಂದೆ ಮಾತು ನಿಂತುಹೋಗಿ ಕಣ್ಣೀರು ಒರೆಸಿಕೊಂಡರು. ಇಲ್ಲಿನ ಟಿವಿಯಲ್ಲಿ ಅದನ್ನು ಈಗಲೂ ಹಾಕುತ್ತಾರೆ, ಒಮ್ಮೆ ನೋಡಿ. ಕುಡಿಯೋ ನೀರಿಗೂ ಪಕ್ಕದ ದೇಶದ ಮುಖ ನೋಡಬೇಕಾದ ಪುಟ್ಟ ದ್ವೀಪ ಅದು.

ನಿಮ್ಮ ಫ್ಲೋರ್‌ನಲ್ಲಿ ಒಂದು ಮಲಯ್ ಮನೆ, ಒಂದು ತಮಿಳರ ಮನೆ, ಉಳಿದವು ಚೀನೀ ಮನೆಗಳು ಅಂದಿರಲ್ಲ, ಅದು ತಾನಾಗಿ ಆದದ್ದಲ್ಲ. ಎಚ್‌ಡಿಬಿ ಬ್ಲಾಕ್‌ಗಳಲ್ಲಿ, ಅಂದರೆ ಸರ್ಕಾರ ಕಟ್ಟಿಸಿದ ಫ್ಲಾಟ್‌ಗಳಲ್ಲಿ, ಯಾವ ಜನಾಂಗದವರು ಎಷ್ಟು ಮನೆ ಕೊಳ್ಳಬಹುದು ಅಂತ 1989ರಿಂದ ಮಿತಿ ಇದೆ. ಆ ಗಲಭೆಯ ದಿನಗಳನ್ನು ಕಂಡವರು ಮಾಡಿದ ನಿಯಮ.

ಅಂಕಲ್ ಹೊಗಳಿದ್ದನ್ನೆಲ್ಲ ಹಾಗೇ ನಂಬಿ ಅಂತ ಹೇಳ್ತಿಲ್ಲ. ಇಲ್ಲಿ ನೋವು ಉಂಡವರೂ ಇದ್ದಾರೆ. 1963ರ ಫೆಬ್ರವರಿಯಲ್ಲಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದರು. ಚಿಯಾ ಥೈ ಪೊ ಎಂಬ ವಿರೋಧಪಕ್ಷದ ನಾಯಕರು 1966ರಿಂದ 1989ರವರೆಗೆ ವಿಚಾರಣೆಯೇ ಇಲ್ಲದೆ ಬಂಧನದಲ್ಲಿದ್ದರು. ಒಬ್ಬ ಮನುಷ್ಯನ ಯೌವನವೇ ಹೋಯಿತು. ದೇಶ ಉಳಿಸೋಕೆ ಇದು ಬೇಕಿತ್ತು ಅನ್ನುವ ವಾದ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಲೀ 1990ರಲ್ಲಿ ಪ್ರಧಾನಿ ಪಟ್ಟ ಬಿಟ್ಟರೂ 2011ರವರೆಗೆ ಸಂಪುಟದಲ್ಲಿದ್ದರು. ತೀರಿಕೊಂಡಿದ್ದು 2015ರ ಮಾರ್ಚ್ 23ರ ಬೆಳಗಿನ ಜಾವ, 91ನೇ ವಯಸ್ಸಿನಲ್ಲಿ. ಪಾರ್ಲಿಮೆಂಟ್ ಹೌಸ್‌ನಲ್ಲಿ ದರ್ಶನಕ್ಕಿಟ್ಟಾಗ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಬಂದರು. ನಾನೂ ರಾತ್ರಿ ಪಾಡಾಂಗ್ ಮೈದಾನದಲ್ಲಿ ಕ್ಯೂ ನಿಂತಿದ್ದೆ. ನನ್ನ ಮುಂದೆ ಒಬ್ಬ ವಯಸ್ಸಾದ ಆಂಟಿ, ಕೈಯಲ್ಲಿ ಮಡಚುವ ಸ್ಟೂಲ್. ಕ್ಯೂ ನಾಲ್ಕು ಹೆಜ್ಜೆ ಸರಿದಾಗಲೆಲ್ಲ ಅದನ್ನು ಎತ್ತಿ, ಮುಂದಿಟ್ಟು, ಮತ್ತೆ ಕೂರುತ್ತಿದ್ದರು. 1961ರ ಬುಕಿಟ್ ಹೋ ಸ್ವೀ ಬೆಂಕಿಯಲ್ಲಿ ಅವರ ಗುಡಿಸಲು ಸುಟ್ಟಿತ್ತಂತೆ. ಅವತ್ತು ಸುಮಾರು 16,000 ಜನ ಬೀದಿಗೆ ಬಿದ್ದಿದ್ದರು. ಸರ್ಕಾರ ಅಲ್ಲೇ ಫ್ಲಾಟ್ ಕಟ್ಟಿಸಿಕೊಟ್ಟಿತು. "ನಲ್ಲಿ ತಿರುಗಿಸಿದರೆ ನೀರು ಬಂತು, ಅಮ್ಮ ಅತ್ತುಬಿಟ್ಟಳು" ಅಂದರು ಆಂಟಿ. ತಮ್ಮ ಅಣ್ಣ ಮಾತ್ರ ಇವತ್ತು ಬರಲಿಲ್ಲ, ಅವನ ಗೆಳೆಯ ಜೈಲಿಗೆ ಹೋದವನು, ಅಂತಲೂ ಹೇಳಿದರು.

ನಿಮ್ಮ ಅಂಕಲ್‌ಗೆ ಎಪ್ಪತ್ತೈದು ದಾಟಿದೆ ಅಂದಿರಿ. ಹಾಗಾದರೆ 1965ರ ಆಗಸ್ಟ್ 9 ಅವರಿಗೆ ಚೆನ್ನಾಗಿ ನೆನಪಿರುತ್ತೆ. ಅವತ್ತು ಎಲ್ಲಿದ್ರಿ ಅಂತ ಒಂದು ಸಲ ಕೇಳಿ. ಭಾನುವಾರ ಸಂಜೆ, ಬಿಡುವಾಗಿದ್ದಾಗ ಕೇಳಿ, ಮಾತು ಬೇಗ ಮುಗಿಯೋದಿಲ್ಲ.