ಒತ್ತಕ್ಷರಕ್ಕೆ ಜಾಗ ಬಿಡಿ

ಪ್ರಶ್ನೆ: ಗ್ರಾಫಿಕ್ ಡಿಸೈನ್ ಕೋರ್ಸ್ ಮುಗಿಸಿ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸದ ಕೆಲಸಕ್ಕೆ ಸೇರಿದ್ದೇನೆ. ಟೈಪೋಗ್ರಫಿಯ ನಿಯಮಗಳನ್ನು ಕಲಿತದ್ದು ಇಂಗ್ಲಿಷ್ ಪುಸ್ತಕಗಳಿಂದ. ಅವುಗಳನ್ನು ಪಾಲಿಸಿದರೂ ನನ್ನ ಕನ್ನಡ ಪುಟಗಳು ಇಕ್ಕಟ್ಟಾಗಿ ಕಾಣುತ್ತವೆ. ಕಲಿಕೆಯನ್ನು ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲುಗಳ ನಡುವಿನ ಅಂತರದಿಂದ, ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ಅಳತೆಯಿಂದ, ಆರಂಭಿಸಿ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್ ತಾನಾಗಿಯೇ ಇಡುವ ಅಂತರವು ಅಕ್ಷರದ ಗಾತ್ರದ ಶೇ. 120, ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್. ಇಂಗ್ಲಿಷಿಗೆ ಸಾಮಾನ್ಯವಾಗಿ ಅಷ್ಟು ಸಾಕು. ನಮ್ಮ ಲಿಪಿಯಲ್ಲಿ ಅಕ್ಷರದ ನೆತ್ತಿಯ ಮೇಲೆ ಗುಡಿಸು, ಏತ್ವಗಳೂ ಕೆಳಗೆ ಒತ್ತಕ್ಷರಗಳೂ ಇರುತ್ತವೆ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯಲ್ಲಿ ತಕಾರವೊಂದಕ್ಕೇ ರಕಾರ, ಯಕಾರಗಳ ಎರಡು ಒತ್ತುಗಳಿವೆ. ಅದರ ನೇರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬಂದರೆ ಆ ಒತ್ತುಗಳು ಗುಡಿಸಿಗೆ ತಾಗುತ್ತವೆ. ಆದ್ದರಿಂದ 10 ಪಾಯಿಂಟ್ ಕನ್ನಡಕ್ಕೆ 15 ಅಥವಾ 16 ಪಾಯಿಂಟ್ ಅಂತರವಿಟ್ಟು ನೋಡಿ. ಪುಟಗಳ ಸಂಖ್ಯೆ ಹೆಚ್ಚುತ್ತದೆಂದು ಮಾಲೀಕರು ಗೊಣಗಬಹುದು. ಆಗ ಅಂಚನ್ನೋ ಚಿತ್ರವನ್ನೋ ಕಿರಿದುಗೊಳಿಸಿ, ಸಾಲುಗಳನ್ನು ಮಾತ್ರ ಒತ್ತಬೇಡಿ.

ಅಕ್ಷರದ ದಪ್ಪವೂ ಅಷ್ಟೇ ಮುಖ್ಯ. ಬೋಲ್ಡ್ ರೂಪವೇ ಇಲ್ಲದ ಫಾಂಟನ್ನು ತಂತ್ರಾಂಶದ ಬಲದಿಂದ ದಪ್ಪಗೊಳಿಸಿದರೆ ಮಹಾಪ್ರಾಣದ ಸೀಳು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಸಣ್ಣ ಅಕ್ಷರದ ಕರಪತ್ರದಲ್ಲಿ ‘ಧನಸಹಾಯ’ವು ‘ದನಸಹಾಯ’ವಾಗುವುದು ಹೀಗೆಯೇ. ಹಲವು ದಪ್ಪಗಳಲ್ಲಿ ಬಿಡಿಸಿರುವ ಫಾಂಟನ್ನೇ ಆರಿಸಿಕೊಳ್ಳಿ. ನೋಟೊ ಮತ್ತು ಅನೇಕ್ ಕುಟುಂಬಗಳ ಕನ್ನಡ ಫಾಂಟುಗಳು ಉಚಿತವಾಗಿಯೇ ಸಿಗುತ್ತವೆ.

ಕಿರಿದಾದ ಅಂಕಣದಲ್ಲಿ ಎರಡೂ ಅಂಚುಗಳನ್ನು ಸಮಗೊಳಿಸುವ ಹಟ ಬೇಡ. ‘ಮಾಡಬೇಕಾಗಿರುವುದರಿಂದ’ ಎಂಬಂಥ ಉದ್ದನೆಯ ಪದವೊಂದು ಮುಂದಿನ ಸಾಲಿಗೆ ಜಿಗಿದರೆ ಹಿಂದಿನ ಸಾಲಿನಲ್ಲಿ ಹಲ್ಲು ಬಿದ್ದಂತೆ ಬಿಳಿ ಜಾಗ ಉಳಿಯುತ್ತದೆ.

ಅಭ್ಯಾಸಕ್ಕೆ ಹಳೆಯ ಮುದ್ರಣವನ್ನು ನೋಡಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಪುಟಗಳಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಾಲಿನಲ್ಲಿ ಬರುತ್ತವೆ; ಎರಡರ ಗಾತ್ರವನ್ನು ಹೇಗೆ ಹೊಂದಿಸಿದ್ದಾರೆಂದು ಅಳತೆಪಟ್ಟಿ ಹಿಡಿದು ಪರಿಶೀಲಿಸಿ. ಬಳಿಕ ನಿಮ್ಮದೇ ಪುಟವೊಂದನ್ನು ಮೂರು ಬೇರೆ ಬೇರೆ ಅಂತರಗಳಲ್ಲಿ ನಿಜಗಾತ್ರಕ್ಕೆ ಮುದ್ರಿಸಿ, ಬೇರೆಯವರಿಗೆ ಓದಲು ಕೊಡಿ. ಹಿಗ್ಗಿಸಿ ನೋಡಿದ ಪರದೆಯನ್ನು ನಂಬಬೇಡಿ.

ಯೂನಿಕೋಡ್ ಪಠ್ಯದಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಅದು ಫಾಂಟಿನ ದೋಷವೇ ಆಗಿರಬೇಕಿಲ್ಲ. ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ‘ವರ್ಲ್ಡ್ ರೆಡಿ’ ಕಂಪೋಸರನ್ನು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.