ಆಸೆಯನ್ನು ಬಿಡಬೇಕೆಂಬ ಆಸೆ

ಪ್ರಶ್ನೆ: ಆಸೆಯೇ ದುಃಖಕ್ಕೆ ಮೂಲವೆನ್ನುತ್ತಾರೆ. ಹಾಗಿದ್ದರೆ ನಮ್ಮ ಸ್ವಂತ ಇಚ್ಛೆಯಿಂದ ಅದನ್ನು ಕೊನೆಗಾಣಿಸಬಹುದೇ? ಆಸೆಯನ್ನು ಬಿಡಬೇಕೆನ್ನುವುದೂ ಒಂದು ಆಸೆಯೇ ಅಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಗಂಟು ಬಿದ್ದಿರುವುದು ಅಲ್ಲಿಯೇ. ಕೌಶಾಂಬಿಯ ಘೋಷಿತಾರಾಮವೆಂಬ ವಿಹಾರದಲ್ಲಿ ಉಣ್ಣಾಭನೆಂಬ ಬ್ರಾಹ್ಮಣನು ಬುದ್ಧನ ಶಿಷ್ಯ ಆನಂದನನ್ನು ಇದನ್ನೇ ಕೇಳಿದನೆಂದು ಪಾಲಿ ಸೂತ್ರವೊಂದು ಹೇಳುತ್ತದೆ: ಆಸೆಯಿಂದಲೇ ಆಸೆಯನ್ನು ಕಳೆಯಹೊರಟರೆ ಆ ಕೆಲಸಕ್ಕೆ ಕೊನೆಯೆಲ್ಲಿ? ಆನಂದನು ಮರುಪ್ರಶ್ನೆ ಹಾಕಿದನು. ಈ ವಿಹಾರಕ್ಕೆ ಬರಬೇಕೆಂಬ ಆಸೆ ನಿನಗೆ ಮೊದಲು ಇತ್ತಲ್ಲವೇ, ಬಂದು ತಲುಪಿದ ಮೇಲೆ ಅದು ತಾನಾಗಿಯೇ ಅಡಗಲಿಲ್ಲವೇ?

ಹೀಗೆ ತಲುಪಿದಲ್ಲಿ ತೀರುವ ಹಂಬಲ ಒಂದಾದರೆ, ಕುಡಿದಷ್ಟೂ ಹೆಚ್ಚುವ ದಾಹ ಇನ್ನೊಂದು. ದುಃಖದ ಮೂಲವೆಂದು ಬುದ್ಧನು ಹೆಸರಿಸಿದ್ದು ಎರಡನೆಯದನ್ನು. ‘ತಣ್ಹಾ’ ಎಂಬ ಪಾಲಿ ಪದಕ್ಕೆ ಬಾಯಾರಿಕೆಯೆಂದೇ ಅರ್ಥ. ‘ಆಸೆ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ತುಂಬಿದ್ದರಿಂದ ಎಷ್ಟೋ ಜನರು ಕಲಿಯುವ, ಪ್ರೀತಿಸುವ ಹಂಬಲಕ್ಕೂ ಅಳುಕುವಂತಾಗಿದೆ. ಇದು ನನಗೆ ನೋವಿನ ಸಂಗತಿ.

ಇನ್ನು ಸ್ವಂತ ಇಚ್ಛೆಯ ಮಾತು. ಆಸೆಯು ಹುಟ್ಟದಂತೆಯೇ ತಡೆಯುವ ಶಕ್ತಿ ಅದಕ್ಕಿದೆಯೆಂದು ನಾನು ನಂಬುವುದಿಲ್ಲ. ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೈಯಾಡಿಸಬೇಕೆಂಬ ಅರಿವು ಮೂಡುವುದಕ್ಕೆ ಸುಮಾರು 350 ಮಿಲಿಸೆಕೆಂಡು ಮೊದಲೇ ಮಿದುಳಿನಲ್ಲಿ ಸಿದ್ಧತೆಯ ವಿದ್ಯುತ್ ಸಂಕೇತ ಕಾಣಿಸಿತ್ತು. ಅದರ ಅರ್ಥದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಮೂಡಿದ ಪ್ರೇರಣೆಯನ್ನು ಕೊನೆಯ ಗಳಿಗೆಯಲ್ಲಿ ತಡೆಹಿಡಿಯಬಲ್ಲೆವೆಂದು ಲಿಬೆಟ್ ಅವರೇ ವಾದಿಸಿದರು. ಬೌದ್ಧರ ಪ್ರತೀತ್ಯಸಮುತ್ಪಾದದಲ್ಲಿಯೂ, ಅಂದರೆ ಒಂದರಿಂದ ಇನ್ನೊಂದು ಹುಟ್ಟುವ ಕಾರಣಗಳ ಸರಪಳಿಯಲ್ಲಿಯೂ, ವೇದನೆಯಿಂದ (ಸುಖದುಃಖಗಳ ಅನುಭವದಿಂದ) ತೃಷ್ಣೆ (ಆ ದಾಹ), ತೃಷ್ಣೆಯಿಂದ ಉಪಾದಾನ (ಬಿಗಿಯಾಗಿ ಅಂಟಿಕೊಳ್ಳುವಿಕೆ) ಎಂಬ ಕ್ರಮವಿದ್ದು, ನಮ್ಮ ಕೈಗೆ ಎಟುಕುವುದು ಈ ಕೊಂಡಿಗಳ ನಡುವಿನ ಸಂದು ಮಾತ್ರ. ಅಲುಗಾಡದೆ ಕುಳಿತಾಗ ಮೂಗಿನ ಪಕ್ಕದಲ್ಲಿ ಏಳುವ ತುರಿಕೆಯನ್ನು ಗಮನಿಸಿ: ಮೊದಲು ಕಚಗುಳಿ, ಆಮೇಲೆ ಉರಿ, ಈಗಲೇ ತುರಿಸದಿದ್ದರೆ ಆಗದೆಂಬ ಒತ್ತಾಯ. ಬೆರಳೆತ್ತದೆ ಉಸಿರನ್ನು ನೋಡುತ್ತಿದ್ದರೆ, ಏರಿದ್ದು ಹೆಚ್ಚಿನ ವೇಳೆ ಹಾಗೆಯೇ ಇಳಿಯುತ್ತದೆ. ತುರಿಕೆಯನ್ನು ನಾವು ಕರೆದಿರಲಿಲ್ಲ. ಆದರೆ ಬೆರಳನ್ನು ತಡೆದದ್ದು ನಾವೇ, ಮತ್ತು ಆ ತಡೆ ಅಭ್ಯಾಸದಿಂದ ಬಲಿಯುತ್ತದೆ.

ಆದರೂ ಎಲ್ಲ ದುಃಖವನ್ನೂ ಆಸೆಯ ಲೆಕ್ಕಕ್ಕೆ ಬರೆಯಬೇಡಿ. ಮೈಗೆ ತಗಲಿದ ನೋವು ಮೊದಲ ಬಾಣ, ಅದಕ್ಕೆ ಮನಸ್ಸು ಗೋಳಾಡಿ ಸೇರಿಸಿಕೊಳ್ಳುವುದು ಎರಡನೆಯ ಬಾಣ ಎಂದು ಬುದ್ಧನೇ ಬಿಡಿಸಿ ಹೇಳಿದ್ದಾನೆ, ತಪ್ಪಿಸಿಕೊಳ್ಳಬಹುದಾದದ್ದು ಎರಡನೆಯದರಿಂದ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು, ನಿನ್ನ ಆಸೆಯೇ ಇದಕ್ಕೆ ಕಾರಣವೆಂದು ನಾನಂತೂ ಹೇಳಲಾರೆ.